ಕೆಂಪು ದಾರ ಭದ್ರವಾಗಿದೆ

ಮಾರ್ಚ್ ೨

ಯಜಮಾನರಿಗೆ,

ನಿನ್ನೆ ಬಂದು ಸೇರಿದೆ. ರೈಲಿನಲ್ಲಿ ಎರಡು ರಾತ್ರಿ ಕೂತು ಸೊಂಟ ಹಿಡಿದುಕೊಂಡಿದೆ. ಮೊಮ್ಮಗಳ ಮುಖ ನೋಡಿದ ಮೇಲೆ ಅದೆಲ್ಲ ಮರೆತುಹೋಯಿತು. ಮೂಗು ಮಾತ್ರ ನಿಮ್ಮದೇ. ಪಾಪ, ಬೆಳೆಯುತ್ತಾ ಸರಿಹೋಗಬಹುದು. ಮಗಳು ಹುಷಾರಾಗಿದ್ದಾಳೆ. ಅಳಿಯ ಸಾಧು ಹುಡುಗ, ಏನು ಬಡಿಸಿದರೂ "ತುಂಬ ಚೆನ್ನಾಗಿದೆ ಅತ್ತೆ" ಅನ್ನುತ್ತಾನೆ. ನಿನ್ನೆ ರಾತ್ರಿ ಉಪ್ಪು ಹಾಕುವುದನ್ನೇ ಮರೆತಿದ್ದೆ, ಆಗಲೂ ಅದನ್ನೇ ಅಂದ.

ಬೆಳಿಗ್ಗೆ ಫೋನಿನಲ್ಲಿ ಹಿತ್ತಲಿನ ವಿಚಾರ ಅಷ್ಟು ಹೊತ್ತು ಹೇಳಿದೆ. ನೀವು "ಆಯ್ತು, ಆಯ್ತು" ಅಂದಿರಿ. ಅನುಮಾನ ಬಂದು ಕೊನೆಗೆ "ಮನೆಗೆ ಬೆಂಕಿ ಹಚ್ಚಿಬಿಡಿ" ಅಂದೆ. ಅದಕ್ಕೂ "ಆಯ್ತು" ಅಂದಿರಿ. ಕಿವಿಗೆ ಮೆಷಿನ್ ಹಾಕಿಸಿಕೊಳ್ಳಿ ಅಂದರೆ ನಿಮಗೆ ಅವಮಾನ. ಹಾಗಾಗಿ ಇನ್ನು ಕಾಗದದಲ್ಲೇ ಮಾತು.

ಟೊಮೆಟೊ ಹಣ್ಣಾಗುತ್ತಿವೆ. ಕೊಳೆಯಲು ಬಿಡಬೇಡಿ. ಅಡ್ಡಡ್ಡ ಹೆಚ್ಚಿ, ಉಪ್ಪು ಸವರಿ, ತಾರಸಿಯ ಮೇಲೆ ಹಳೆಯ ಬಟ್ಟೆ ಹಾಸಿ ಬಿಸಿಲಿಗೆ ಹರವಿ. ಮಧ್ಯಾಹ್ನ ಒಮ್ಮೆ ಮಗುಚಿ. ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಚರ್ಮದ ಚಪ್ಪಲಿಯ ಹಾಗೆ ಬಾಗಬೇಕು, ಮುರಿಯಬಾರದು. ಮೆಣಸಿನಕಾಯಿ ಮಾತ್ರ ಗಲಗಲ ಅನ್ನಬೇಕು. ಹುರುಳಿಕಾಯಿಯನ್ನು ಬಿಸಿನೀರಿನಲ್ಲಿ ಮುಳುಗಿಸಿ ತೆಗೆದು ಆಮೇಲೆ ಒಣಗಿಸಿ. ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬೇಡಿ. ಇದನ್ನು ನಿಮಗೆ ಹೇಳಲೇಬೇಕು.

ಮಗು ಅಳುತ್ತಿದೆ. ಏನೋ ಒಂದು ಮುಖ್ಯವಾದದ್ದು ಬರೆಯಬೇಕಿತ್ತು, ಮರೆತೆ. ನೆನಪಾದಾಗ ಬರೆಯುತ್ತೇನೆ.

ನಿಮ್ಮವಳು

*

ಮಾರ್ಚ್ ೫

ಇವಳೇ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಫೋನಿನಲ್ಲಿ ನೀನು ಹೇಳಿದ್ದೆಲ್ಲ ಚೆನ್ನಾಗಿ ಕೇಳಿಸಿತು, ಟೊಮೆಟೊ ಎಂಬ ಮಾತಂತೂ ಸ್ಪಷ್ಟವಾಗಿ ಕೇಳಿಸಿತು. ಕೆಲಸ ಶುರು ಮಾಡಿದ್ದೇನೆ.

ಈ ತಾರಸಿ, ಬಿಸಿಲು, ಕಾಗೆ ಕಾಯುವುದು ಇವೆಲ್ಲ ನನಗೆ ಸರಿಕಾಣುವುದಿಲ್ಲ. ಒಣಗಿಸುವುದು ಅಂದರೇನು? ಇರುವ ನೀರನ್ನು ತೆಗೆಯುವುದು. ಜೀವಮಾನವೆಲ್ಲ ಪುಸ್ತಕ ಕಟ್ಟಿದವನಿಗೆ ನೀರು ತೆಗೆಯುವುದನ್ನು ಯಾರಾದರೂ ಹೇಳಿಕೊಡಬೇಕೆ? ಅಂಟು ಹಚ್ಚಿದ ರಟ್ಟನ್ನು ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು ಪ್ರೆಸ್ಸಿಗೆ ಹಾಕಿ ತಿರುಗಿಸಿದರೆ ಬೆಳಗಾಗುವಷ್ಟರಲ್ಲಿ ಒಣಗಿ ಬೆನ್ನು ನೆಟ್ಟಗೆ ನಿಲ್ಲುತ್ತದೆ. ಹಣ್ಣಿಗೆ ಮಾತ್ರ ಬೇರೆ ನ್ಯಾಯವೇ?

ಇವತ್ತು ಸಂಜೆ ಹಿತ್ತಲಿಂದ ಎರಡು ಮೂರು ದಪ್ಪ ಹಣ್ಣು ಕಿತ್ತು ತಂದಿದ್ದೇನೆ. ಪರೀಕ್ಷೆಗೆ ಇಟ್ಟರೆ ಒಳ್ಳೆಯದನ್ನೇ ಇಡಬೇಕು. ಬ್ಲಾಟಿಂಗ್ ಪೇಪರ್ ಧಾರಾಳವಾಗಿ ಹಾಕಿದ್ದೇನೆ. ವಕೀಲರು ಬೈಂಡಿಂಗಿಗೆ ಕೊಟ್ಟ ಪುಸ್ತಕಗಳು ಅಂಟು ಆರಲೆಂದು ಪಕ್ಕದಲ್ಲೇ ಇವೆ, ಊಟವಾದ ಮೇಲೆ ಮುಂಗೋಣೆಗೆ ಬಂದು ಪ್ರೆಸ್ಸು ತಿರುಗಿಸುತ್ತೇನೆ. ನೀನು ಬಂದು ನೋಡಿ ಮೂಗಿನ ಮೇಲೆ ಬೆರಳಿಡಬೇಕು, ಹಾಗೆ ಆಗುತ್ತದೆ.

ಮಗುವಿನ ಮೂಗು ಯಾರದು?

*

ಮಾರ್ಚ್ ೧೧

ಯಜಮಾನರಿಗೆ,

ನಿಮ್ಮ ಕಾಗದವನ್ನು ಮಗಳಿಗೆ ಓದಿ ಹೇಳಿದೆ. ನಕ್ಕು ನಕ್ಕು ಹೊಟ್ಟೆ ನೋವು ಬಂದು, ಹೊಲಿಗೆ ಬಿಚ್ಚಿಹೋಗುತ್ತದೆ ಎಂದು ಡಾಕ್ಟರರ ಹೆಸರು ಹೇಳಿ ಹೆದರಿಸಿದಳು. ಹಣ್ಣಿಗೂ ರಟ್ಟಿಗೂ ವ್ಯತ್ಯಾಸ ಗೊತ್ತಿಲ್ಲದ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದೆನಲ್ಲ. ದಯವಿಟ್ಟು ಪ್ರೆಸ್ಸಿನ ಹತ್ತಿರ ಟೊಮೆಟೊ ತೆಗೆದುಕೊಂಡು ಹೋಗಬೇಡಿ.

ಮರೆತಿದ್ದದ್ದು ಈಗ ನೆನಪಾಯಿತು. ಬಾವಿಯ ಪಕ್ಕದ ಗಿಡದಲ್ಲಿ ಮೂರು ಹಣ್ಣಿಗೆ ಕೆಂಪು ದಾರ ಕಟ್ಟಿದ್ದೇನೆ. ಅವು ಬೀಜಕ್ಕೆ. ದಾರ ಕಟ್ಟಿದ್ದನ್ನು ಯಾರೂ ಮುಟ್ಟಬಾರದು. ಪೂರ್ತಿ ಹಣ್ಣಾಗಿ, ಮೆತ್ತಗಾಗುವವರೆಗೆ ಗಿಡದಲ್ಲೇ ಇರಲಿ. ಈ ಸಲ ಆ ತಳಿಯಲ್ಲಿ ಬದುಕಿದ್ದು ಅದೊಂದೇ ಗಿಡ. ಡಬ್ಬಿಯಲ್ಲಿದ್ದ ಹಳೆಯ ಬೀಜವನ್ನೆಲ್ಲ ಹುಳ ತಿಂದಿತ್ತು, ನಿಮಗೆ ಹೇಳಿರಲಿಲ್ಲ.

ಅದು ನಮ್ಮಮ್ಮನ ತಳಿ. ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಮ್ಮನ ಬಳೆ ಅಣ್ಣನ ಮನೆಗೆ ಹೋಯಿತು, ಪಾತ್ರೆ ತಂಗಿಗೆ ಹೋಯಿತು. ನನ್ನ ಪಾಲಿಗೆ ಅವಳ ಕೈಯದು ಅಂತ ಉಳಿದಿರುವುದು ಅದೊಂದೇ. ನಿಮಗಿದು ಸಣ್ಣದು ಅನ್ನಿಸಬಹುದು, ನನಗಲ್ಲ.

ಕಾಗದ ತಲುಪಿದ ಕೂಡಲೇ ಹಣ್ಣು ಹೇಗಿವೆ ಎಂದು ಬರೆಯಿರಿ.

*

ಮಾರ್ಚ್ ೧೮

ಇವಳೇ,

ಕಾಗದ ತಲುಪಿತು. ಇನ್ನಷ್ಟು ಬೇಗ ತಲುಪಬಹುದಿತ್ತು, ಅಂಚೆಯವರಿಗೆ ಏನು ಹೇಳುವುದು.

ಪ್ರೆಸ್ಸಿನ ಆಲೋಚನೆಯನ್ನು ಕೈಬಿಟ್ಟಿದ್ದೇನೆ. ಅದಕ್ಕೆ ಕಾರಣ ಬರೆಯಲು ಇಲ್ಲಿ ಜಾಗ ಸಾಲದು. ಮುಂಗೋಣೆಯ ಗೋಡೆಗೆ ಬಣ್ಣ ಹೊಡೆಸಿದೆ, ಬಹಳ ಹಳೆಯದಾಗಿತ್ತು. ಆ ಕಡೆಯ ಚಾವಣಿಗೂ ಸ್ವಲ್ಪ ಹೊಡೆಸಿದೆ. ವಕೀಲರ ಪುಸ್ತಕಗಳ ಅಂಚಿಗೆ ಈ ಸಲ ಕೆಂಪು ಬಣ್ಣ ಕೊಟ್ಟಿದ್ದೇನೆ. ಅವರು ಕೇಳಿರಲಿಲ್ಲ, ಆದರೂ ಕೊಟ್ಟೆ. "ಇದು ಹೊಸ ಫ್ಯಾಷನ್ನಾ?" ಅಂದರು. ಹೌದು ಅಂದೆ.

ಕೆಂಪು ದಾರದ ವಿಚಾರ ಕೇಳಿದ್ದೀಯ. ಕೆಂಪು ದಾರ ಭದ್ರವಾಗಿದೆ. ಮೂರೂ ಇವೆ. ಏನೂ ಆಗಿಲ್ಲ, ಎಳೆ ಕೂಡ ಬಿಟ್ಟಿಲ್ಲ. ಆ ಬಗ್ಗೆ ನೀನು ಚಿಂತೆ ಮಾಡಬೇಡ.

ಈಗ ನೀನು ಹೇಳಿದಂತೆಯೇ ತಾರಸಿಯಲ್ಲಿ ಒಣಗಿಸುತ್ತಿದ್ದೇನೆ. ಪಕ್ಕದ ಮನೆ ಟೈಲರಮ್ಮ ಸೊಳ್ಳೆಪರದೆಯ ತುಂಡು ಕೊಟ್ಟರು, ಮೇಲೆ ಮುಚ್ಚಲು. ಟೈಲರಮ್ಮ ಬಂದು ಹೇಗೆ ಮಗುಚಬೇಕು ಎಂದು ತೋರಿಸಿದರು. ಅಡುಗೆ, ಗುಡಿಸುವುದು, ನೀರು ಹಾಕುವುದು ಎಲ್ಲ ಗಡಿಯಾರದ ಹಾಗೆ ನಡೆಯುತ್ತಿದೆ. ಟೈಲರಮ್ಮನೇ ಆಶ್ಚರ್ಯಪಟ್ಟರು. ನೀನು ಅವಸರ ಮಾಡಬೇಡ. ಬಾಣಂತಿ, ಮಗು ಮುಖ್ಯ. ಎಷ್ಟು ದಿನ ಬೇಕಾದರೂ ಅಲ್ಲೇ ಇರು. ನಿಧಾನವಾಗಿ ಬಾ. ಬಹಳ ನಿಧಾನವಾಗಿ ಬಂದರೂ ಪರವಾಗಿಲ್ಲ.

*

ಮಾರ್ಚ್ ೨೬

ಯಜಮಾನರಿಗೆ,

ನಿಮ್ಮ ಕಾಗದ ಬಂತು. ಎಲ್ಲ ಗಡಿಯಾರದ ಹಾಗೆ ನಡೆಯುತ್ತಿದೆ ಎಂದು ತಿಳಿದು ಸಂತೋಷ. ಟೈಲರಮ್ಮನ ಹೆಸರು ಮೂರು ಸಲ ಬಂದಿದೆ. ನನ್ನ ಸೊಂಟ ಹೇಗಿದೆ ಎಂಬ ಮಾತು ಒಂದು ಸಲವೂ ಇಲ್ಲ.

ನಾನಿಲ್ಲದೆ ಮನೆ ಇಷ್ಟು ಚೆನ್ನಾಗಿ ನಡೆಯುತ್ತದೆ ಎಂದು ಗೊತ್ತಿದ್ದರೆ ಮೊದಲೇ ಬಂದು ಕೂರುತ್ತಿದ್ದೆ. ಮಗಳು ಬಂದ ದಿನದಿಂದ ಹೇಳುತ್ತಿದ್ದಾಳೆ, "ಅಮ್ಮ, ಇಲ್ಲೇ ಇದ್ದುಬಿಡು. ನಾನು ಕೆಲಸಕ್ಕೆ ವಾಪಸು ಹೋದ ಮೇಲೆ ಮಗುವನ್ನ ಯಾರು ನೋಡ್ಕೋತಾರೆ? ಅಪ್ಪ ಮನಸ್ಸು ಬಂದಾಗ ಬರ್ತಾರೆ." ನಿಮ್ಮನ್ನು ಒಂಟಿಯಾಗಿ ಬಿಡುವುದು ಹೇಗೆ ಎಂದು ಇಷ್ಟು ದಿನ ಉತ್ತರ ಕೊಟ್ಟಿರಲಿಲ್ಲ. ನಿನ್ನೆ, ಯೋಚನೆ ಮಾಡ್ತೀನಿ ಅಂದೆ. ಅಳಿಯ "ತುಂಬ ಚೆನ್ನಾಗಿದೆ ಅತ್ತೆ" ಅಂದ. ಅವನಿಗೆ ಬೇರೆ ಮಾತು ಬರುವುದಿಲ್ಲ ಎಂದು ಕಾಣುತ್ತದೆ.

ನೀವು ದಾರದ ವಿಚಾರ ಬರೆದಿದ್ದೀರಿ. ನಾನು ಕೇಳಿದ್ದು ಹಣ್ಣಿನ ವಿಚಾರ. ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ. ಹಣ್ಣು ಮೆತ್ತಗಾದವೋ ಇಲ್ಲವೋ? ನಾನು ಅಲ್ಲಿಗೆ ಬರಲಿ ಬಿಡಲಿ, ಆ ಬೀಜ ಮಾತ್ರ ನನಗೆ ಬೇಕು.

*

ಏಪ್ರಿಲ್ ೪

ಇವಳೇ,

ನಿನ್ನ ಸೊಂಟ ಹೇಗಿದೆ?

ಹಣ್ಣು ಮೆತ್ತಗಾಗಿವೆ. ಮೆತ್ತಗೆ ಎಂದರೆ ತುಂಬ ಮೆತ್ತಗೆ. ಗಿಡದಿಂದ ಇಳಿಸಿಯಾಗಿದೆ. ಬೀಜಗಳೂ ಹೊರಗೆ ಬಂದಿವೆ. ಇದಕ್ಕಿಂತ ಹೆಚ್ಚಿಗೆ ಆ ಹಣ್ಣುಗಳ ಬಗ್ಗೆ ಹೇಳುವುದಕ್ಕೆ ಏನೂ ಉಳಿದಿಲ್ಲ.

ಆ ತಳಿಯ ಬೀಜ ನಿನ್ನ ಅಣ್ಣನ ಹತ್ತಿರವಾಗಲಿ ತಂಗಿಯ ಹತ್ತಿರವಾಗಲಿ ಇರಬಹುದೇ? ಸುಮ್ಮನೆ ಕೇಳಿದೆ, ತಿಳಿದುಕೊಳ್ಳೋಣ ಅಂತ.

ಇದರ ಜೊತೆ ಒಂದು ಪಾರ್ಸೆಲ್ ಕಳಿಸುತ್ತಿದ್ದೇನೆ. ಒಣಗಿದ ಟೊಮೆಟೊ, ಮೆಣಸಿನಕಾಯಿ, ಹುರುಳಿಕಾಯಿ. ಎಲ್ಲ ನನ್ನ ಕೈಯದೇ. ಮೊದಲ ದಿನ ಕಾಗೆಗಳು ಪರದೆಯ ಅಂಚು ಎತ್ತಿ ಒಳಗೆ ನುಗ್ಗಿದವು. ಎರಡನೆಯ ಸಲ ನಾನು ಊಟ ಮಾಡುತ್ತಿದ್ದಾಗ ಮೋಡ ಕವಿದು ಹನಿ ಹಾಕಿತು. ಎಂಜಲು ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿ ಕೊಡೆಯನ್ನು ಹುರುಳಿಕಾಯಿಗೆ ಹಿಡಿದು ನಾನು ನೆನೆದೆ. ಟೈಲರಮ್ಮ ಕಿಟಕಿಯಿಂದ ನೋಡಿ ಏನೋ ಅಂದರು, ಪುಣ್ಯಕ್ಕೆ ಕೇಳಿಸಲಿಲ್ಲ. ಆಮೇಲೆ ಒಂದು ಉಪಾಯ ಹೊಳೆಯಿತು. ಪುಸ್ತಕ ಹೊಲಿಯುವ ಸೂಜಿಯಲ್ಲಿ ಹೋಳುಗಳನ್ನು ದಾರಕ್ಕೆ ಪೋಣಿಸಿ, ಕಿಟಕಿಯ ಸರಳಿನಿಂದ ಸರಳಿಗೆ ಕಟ್ಟಿದೆ. ಗಾಳಿಯೂ ಆಡಿತು, ಕಾಗೆಗೂ ಸಿಗಲಿಲ್ಲ. ಮುಟ್ಟಿ ನೋಡು, ಚಪ್ಪಲಿಯ ಹಾಗೆ ಬಾಗುತ್ತದೆ. ಮೆಣಸಿನಕಾಯಿಯ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬೇಡಿ ಎಂದು ನೀನು ಬರೆದಿದ್ದೆ. ಒಂದೇ ಸಲ ಉಜ್ಜಿಕೊಂಡೆ.

ಡಬ್ಬಿ ಅಲುಗಾಡದಿರಲಿ ಎಂದು ಸುತ್ತಲೂ ಹಳೆಯ ಬ್ಲಾಟಿಂಗ್ ಪೇಪರ್ ತುರುಕಿದ್ದೇನೆ. ಅದು ಸ್ವಲ್ಪ ಕೊಳೆಯಾಗಿದೆ. ಕಾಗದವನ್ನು ಬಿಸಾಡಲು ನನಗೆ ಕೈ ಬರುವುದಿಲ್ಲ, ನೀನು ಬಿಸಾಡಿಬಿಡು.

ಮಗಳು ಹೇಳಿದ್ದಕ್ಕೆ ಏನು ತೀರ್ಮಾನ ಮಾಡಿದೆ?

*

ಏಪ್ರಿಲ್ ೧೩

ಪ್ರಿಯ ಯಜಮಾನರಿಗೆ,

ಪಾರ್ಸೆಲ್ ಬಂತು. ಇಷ್ಟು ಚೆಂದ ಒಣಗಿಸಿದ್ದನ್ನು ನಾನು ಎಲ್ಲೂ ನೋಡಿಲ್ಲ, ಸುಳ್ಳು ಹೇಳುವುದಿಲ್ಲ. ಪೋಣಿಸುವ ಉಪಾಯ ನನಗೆ ಹೊಳೆದೇ ಇರಲಿಲ್ಲ. ಅಳಿಯನಿಗೆ ಒಂದು ತಟ್ಟೆಯಲ್ಲಿ ಹಾಕಿ ತೋರಿಸಿದೆ. ನೆನೆಸಿ ಬೇಯಿಸಬೇಕು ಎಂದು ಹೇಳುವಷ್ಟರಲ್ಲಿ ಒಂದು ಹೋಳು ಬಾಯಿಗೆ ಹಾಕಿಕೊಂಡು ಬಿಟ್ಟಿದ್ದ. ಬಹಳ ಹೊತ್ತು ಅಗಿದ. ಕಣ್ಣಲ್ಲಿ ನೀರು ಬಂದರೂ ತುಂಬ ಚೆನ್ನಾಗಿದೆ ಅಂದ.

ಪಾರ್ಸೆಲ್ ಕಟ್ಟಿದ ರೀತಿಯೂ ಇಷ್ಟವಾಯಿತು. ಒಳಗೆ ತುರುಕಿದ್ದ ಬ್ಲಾಟಿಂಗ್ ಪೇಪರನ್ನು ನಾನು ಬಿಸಾಡಲಿಲ್ಲ. ಒಂದೊಂದೇ ಹಾಳೆ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ಜೋಪಾನವಾಗಿ ಎತ್ತಿಟ್ಟಿದ್ದೇನೆ.

ಅಣ್ಣನ ಹತ್ತಿರವೂ ತಂಗಿಯ ಹತ್ತಿರವೂ ಆ ಬೀಜ ಇಲ್ಲ. ಏಕೆ ಕೇಳಿದಿರಿ? ನಮ್ಮ ಮೂರು ಹಣ್ಣು ಇವೆಯಲ್ಲ. ಅವುಗಳ ಬಗ್ಗೆ ಇನ್ನೂ ಸ್ವಲ್ಪ ಬಿಡಿಸಿ ಬರೆಯಿರಿ. ಎಷ್ಟು ದೊಡ್ಡದಾಗಿದ್ದವು? ಯಾವ ದಿನ ಇಳಿಸಿದಿರಿ? ಬೀಜ ಹೊರಗೆ ಬಂತು ಅಂದಿರಿ, ಹೇಗೆ ಬಂತು? ಮುಂಗೋಣೆಯ ಗೋಡೆಗೆ ಯಾವ ಬಣ್ಣ ಹೊಡೆಸಿದಿರಿ? ಚಾವಣಿಯವರೆಗೂ ಯಾಕೆ ಬೇಕಾಯಿತು? ಓದಲು ಆಸೆಯಾಗಿದೆ.

ಮಗಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ನಿಮ್ಮ ಕಾಗದ ಬಂದ ಮೇಲೆ ಕೊಡುತ್ತೇನೆ.

*

ಏಪ್ರಿಲ್ ೨೦

ಇವಳೇ,

ನಿನ್ನ ಕಾಗದದಲ್ಲಿ 'ಪ್ರಿಯ' ಎಂದು ನೋಡಿದಾಗಲೇ ಎದೆ ಧಸಕ್ ಅಂದಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಓದುತ್ತಾ ಓದುತ್ತಾ ಗೋಡೆಯನ್ನೇ ನೋಡುತ್ತಿದ್ದೆ. ಇನ್ನು ಮುಚ್ಚಿಡಲು ನನ್ನಿಂದ ಆಗುವುದಿಲ್ಲ.

ಪ್ರೆಸ್ಸಿಗೆ ಹಾಕಿದ್ದು ಆ ಮೂರನ್ನೇ. ಇಡೀ ಹಿತ್ತಲಿನಲ್ಲಿ ಅಷ್ಟು ಚೆಂದದ ಹಣ್ಣು ಬೇರೆ ಇರಲಿಲ್ಲ. ದಾರ ಕಂಡಾಗ, ಇವಳೇ ನನಗಾಗಿ ಗುರುತು ಮಾಡಿ ಹೋಗಿದ್ದಾಳೆ, ಮೊದಲು ಇದನ್ನು ಕೀಳಿ ಅಂತ, ಎಂದುಕೊಂಡೆ. ಬೈಂಡಿಂಗಿನಲ್ಲಿ ಯಾವ ಪುಸ್ತಕ ಮೊದಲು ಆಗಬೇಕೋ ಅದಕ್ಕೆ ನಾವು ಕೆಂಪು ದಾರ ಕಟ್ಟುತ್ತೇವಲ್ಲ, ಇಷ್ಟು ವರ್ಷ ನೀನೂ ನೋಡಿದ್ದೀಯ. ಹಾಗೆಯೇ ತಿಳಿದೆ. ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಮೊದಲ ಎರಡು ಸುತ್ತಿಗೆ ಏನೂ ಆಗಲಿಲ್ಲ. ಮೂರನೆಯ ಸುತ್ತಿಗೆ ಸದ್ದಾಯಿತು. ನನಗೇ ಕೇಳಿಸಿತು ಅಂದರೆ ಎಷ್ಟು ದೊಡ್ಡ ಸದ್ದು ಎಂದು ನೀನೇ ಊಹಿಸಿಕೋ. ಟೈಲರಮ್ಮ ಓಡಿ ಬಂದರು. ನನ್ನ ಮುಖ, ಅಂಗಿ, ಗೋಡೆ, ವಕೀಲರ ಪುಸ್ತಕಗಳ ಅಂಚು ಎಲ್ಲ ಕೆಂಪಾಗಿದ್ದನ್ನು ನೋಡಿ, "ಅಯ್ಯಯ್ಯೋ, ಡಾಕ್ಟರನ್ನ ಕರೀಲಾ?" ಅಂದರು. ಟೊಮೆಟೊ ಅಂದೆ. ಅಲ್ಲೇ ಬಾಗಿಲಲ್ಲಿ ಕೂತು ನಕ್ಕರು, ನಾನೂ ನಕ್ಕೆ.

ನಿನ್ನ ಕಾಗದ ಬಂದ ಮೇಲೆ ನನ್ನ ನಗು ನಿಂತುಹೋಯಿತು. ನಿಮ್ಮಮ್ಮ ನಿನಗೆ ಕೊಟ್ಟಿದ್ದನ್ನು ಹಾಳುಮಾಡಿದೆನಲ್ಲ ಎಂದು ಊಟ ಸೇರಲಿಲ್ಲ. ಆ ಗಿಡದಲ್ಲಿ ಆಮೇಲೆ ಒಂದು ಕಾಯಿಯೂ ನಿಲ್ಲಲಿಲ್ಲ, ಗಿಡವೇ ಒಣಗಿತು. ಸಂತೆಯಲ್ಲಿ, ನರ್ಸರಿಯಲ್ಲಿ, ಕಂಡವರ ಹಿತ್ತಲಿನಲ್ಲಿ ಹುಡುಕಿದೆ. ಒಬ್ಬ ನರ್ಸರಿಯವನು ಇದೇ ಅದು ಎಂದು ಕೊಟ್ಟ ಗಿಡ ಈಗ ಬದನೆಕಾಯಿ ಬಿಡುತ್ತಿದೆ.

ಎಷ್ಟು ದಿನ ಬೇಕಾದರೂ ಇರು ಎಂದು ಬರೆದದ್ದು ನಿನ್ನ ಮುಖ ನೋಡಲು ಹೆದರಿ. ಗಡಿಯಾರದ ಹಾಗೆ ನಡೆಯುತ್ತಿದೆ ಎಂದದ್ದು ಬರೀ ಜಂಬ. ಅನ್ನ ದಿನಾ ತಳ ಹಿಡಿಯುತ್ತದೆ. ನಿನ್ನ ಬೈಗುಳವಿಲ್ಲದೆ ಮನೆ ಬಿಕೋ ಅನ್ನುತ್ತದೆ. ಇಡೀ ದಿನ ಮುಂಗೋಣೆಯ ಅಂಗಡಿಯಲ್ಲಿ ಕೂತಿದ್ದರೂ ಯಾರೂ ಊಟಕ್ಕೆ ಬನ್ನಿ ಎಂದು ಕೂಗುವುದಿಲ್ಲ. ಕೂಗಿದರೂ ಕೇಳಿಸುತ್ತಿರಲಿಲ್ಲ, ಅದು ಬೇರೆ ಮಾತು. ನೀನು ಬಂದು ಹೆಗಲು ತಟ್ಟುತ್ತಿದ್ದೆ. ಮಗಳ ಹತ್ತಿರ ಇರಬೇಕು ಅನ್ನಿಸಿದರೆ ಇರು, ತಡೆಯುವ ಮುಖ ನನಗಿಲ್ಲ. ಆದರೆ ನೀನಿಲ್ಲದೆ ನನಗೆ ಆಗುವುದಿಲ್ಲ ಎನ್ನುವುದನ್ನು ತಿಳಿದುಕೊಂಡು ತೀರ್ಮಾನ ಮಾಡು.

*

ಏಪ್ರಿಲ್ ೨೮

ಯಜಮಾನರಿಗೆ,

ನಿಮ್ಮ ಬಂಡವಾಳ ನನಗೆ ಪಾರ್ಸೆಲ್ ಬಿಚ್ಚಿದ ದಿನವೇ ಗೊತ್ತಾಯಿತು. ಬ್ಲಾಟಿಂಗ್ ಪೇಪರ್ ತುಂಬ ಕೆಂಪು ಕಲೆ, ಕಲೆಯ ತುಂಬ ಬೀಜ. ಒಂದು ಹಾಳೆಯಲ್ಲಂತೂ ಹಣ್ಣಿನ ಸಿಪ್ಪೆ ಇಡಿಯಾಗಿ ಅಂಟಿಕೊಂಡಿತ್ತು. ನಮ್ಮಮ್ಮನ ಹಣ್ಣಿನ ಮೈಮೇಲಿನ ಉಬ್ಬುಗೆರೆಗಳನ್ನು ನಾನು ಕಣ್ಣು ಮುಚ್ಚಿಕೊಂಡು ಗುರುತಿಸುತ್ತೇನೆ. ಮೊದಲು ಸಿಟ್ಟು ಬಂತು. ನೀವು ಎದುರಿಗೆ ಇದ್ದಿದ್ದರೆ ಆ ಡಬ್ಬಿ ನಿಮ್ಮ ತಲೆಯ ಮೇಲೆ ಇರುತ್ತಿತ್ತು. ಆಮೇಲೆ ಒಂದು ಹಾಳೆಯ ಮೂಲೆಯನ್ನು ಹರಿದು, ಮಗಳ ಮನೆಯ ಒಡೆದ ಕಪ್ಪಿನಲ್ಲಿ ಮಣ್ಣು ಹಾಕಿ ಊರಿ, ಬಾಲ್ಕನಿಯಲ್ಲಿ ಇಟ್ಟೆ. ಇಲ್ಲಿ ಬಿಸಿಲು ಬರುವುದೇ ಅಪರೂಪ, ಬಂದಾಗಲೆಲ್ಲ ಕಪ್ಪನ್ನು ಹಿಡಿದುಕೊಂಡು ಅದರ ಹಿಂದೆ ಹೋದೆ. ಮೊನ್ನೆ ಬೆಳಿಗ್ಗೆ ಮೊಳಕೆ ಬಂದಿವೆ. ಇಷ್ಟಿಷ್ಟೇ ಎತ್ತರ, ಕತ್ತು ಬಗ್ಗಿಸಿಕೊಂಡು ನಿಂತಿವೆ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಒಂದು ಮಾತು ಹೇಳಿಬಿಡುತ್ತೇನೆ, ನೀವು ಉಬ್ಬಬೇಡಿ. ನಮ್ಮಮ್ಮನೂ ಬೀಜದ ಹಣ್ಣನ್ನು ಹಿಂಡಿ, ಹಳೆಯ ಕಾಗದಕ್ಕೆ ಬಳಿದೇ ಒಣಗಿಸುತ್ತಿದ್ದಳು. ನಾನೂ ಪ್ರತಿ ವರ್ಷ ಹಾಗೆಯೇ ಮಾಡುವುದು. ನೀವೂ ಅದನ್ನೇ ಮಾಡಿದ್ದೀರಿ, ಸ್ವಲ್ಪ ಜೋರಾಗಿ ಮಾಡಿದ್ದೀರಿ.

ಗೊತ್ತಿದ್ದೂ ಏಕೆ ಕೇಳಿದೆ ಅಂದರೆ, ಒಂದು ಸುಳ್ಳೂ ಹೇಳದೆ ಎಷ್ಟು ದೂರ ಹೋಗುತ್ತೀರಿ ಎಂದು ನೋಡಬೇಕಿತ್ತು. ಇನ್ನೊಂದು ಕಾರಣವೂ ಇತ್ತು. ನಾನಿಲ್ಲದೆ ನಿಮಗೆ ಸಲೀಸಾಗಿದೆ ಎಂದು ಓದಿದ ದಿನದಿಂದ ನನಗೂ ಊಟ ಸೇರಿರಲಿಲ್ಲ. ಮಗಳಿಗೆ ಹೂಂ ಎಂದುಬಿಡೋಣ ಅನ್ನಿಸಿತ್ತು, ಬರೀ ಸಿಟ್ಟಿಗೆ. ಅನ್ನ ತಳ ಹಿಡಿಯುತ್ತದೆ ಎಂದು ಬರೆದಿದ್ದೀರಲ್ಲ, ಅದನ್ನು ಮೂರು ಸಲ ಓದಿದೆ. ಬದನೆಕಾಯಿಯ ಕಥೆ ಓದಿ ಮಗಳೇ, "ಅಮ್ಮ, ನೀನು ಹೊರಡು, ಅಪ್ಪನನ್ನ ಹೀಗೆ ಬಿಟ್ಟರೆ ಮನೆ ಉಳಿಯಲ್ಲ" ಅಂದಳು. ಮಗುವಿಗೆ ಇಲ್ಲೇ ಪಕ್ಕದಲ್ಲಿ ನೋಡಿಕೊಳ್ಳುವವರು ಸಿಕ್ಕಿದ್ದಾರೆ. ಮಳೆಗಾಲ ಕಳೆದ ಮೇಲೆ ಇಬ್ಬರೂ ಒಟ್ಟಿಗೆ ಬಂದು ಇದ್ದು ಹೋಗೋಣ.

ಮೇ ಹತ್ತರ ಸಂಜೆಯ ರೈಲಿಗೆ ಬಂದು ಇಳಿಯುತ್ತೇನೆ. ಸಸಿ ಕಪ್ಪಿನಲ್ಲೇ ಬರುತ್ತವೆ. ಉಳಿದ ಬ್ಲಾಟಿಂಗ್ ಪೇಪರ್ ಎಲ್ಲಿ? ನೀವು ಕಳಿಸಿದ್ದು ನಾಲ್ಕೇ ಹಾಳೆ. ಹಣ್ಣು ಮೂರು, ನೀವು ಧಾರಾಳವಾಗಿ ಹಾಕಿದವರು. ಒಂದನ್ನೂ ಬಿಸಾಡಿರಬಾರದು. ಬಾಕಿ ಬೈಗುಳ ಮನೆಗೆ ಬಂದ ಮೇಲೆ. ಎಲ್ಲವನ್ನೂ ಜೋಡಿಸಿ ಇಟ್ಟುಕೊಂಡಿದ್ದೇನೆ.

*

ಮೇ ೩

ಇವಳೇ,

ನಿನ್ನ ಕಾಗದವನ್ನು ಟೈಲರಮ್ಮನಿಗೂ ಓದಿ ಹೇಳಿದೆ. ಮೊಳಕೆಯ ಮಾತು ಬಂದಾಗ ಕಾಗದವನ್ನು ಅವರ ಕೈಗೆ ಕೊಟ್ಟೆ, ಉಳಿದದ್ದನ್ನು ಅವರೇ ಓದಿದರು.

ಉಳಿದ ಹಾಳೆಗಳ ವಿಚಾರ. ನಾನು ಬಿಸಾಡಿಲ್ಲ, ನಿನಗೆ ಗೊತ್ತೇ ಇದೆ. ಒಣಗಿದ ಮೇಲೆ ದಪ್ಪ ಚೆನ್ನಾಗಿತ್ತು, ವಕೀಲರ ಪುಸ್ತಕಗಳ ರಟ್ಟಿನ ಒಳಗೆ ಅಂಟಿಸಿಬಿಟ್ಟೆ. ಒಟ್ಟು ಆರು ಸಂಪುಟ. ಮಳೆಗಾಲದಲ್ಲಿ ಅವರ ಆಫೀಸು ಸೋರುತ್ತದೆ, ನೆನೆದರೆ ಬೀಜ ರಟ್ಟಿನೊಳಗೇ ಮೊಳೆಯುತ್ತದೆ. ಮೊದಲ ಮಳೆ ಬೀಳುವ ಮುಂಚೆ ಏನಾದರೂ ನೆಪ ಹೇಳಿ ವಾಪಸು ತರಬೇಕು ಎಂದು ನಿನ್ನೆ ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಇನ್ನೂ ಹನ್ನೆರಡು ಪುಸ್ತಕ ಮುಂದಿಟ್ಟರು. ಅಂಚಿಗೆ ಅದೇ ಕೆಂಪು ಬೇಕಂತೆ, ಬೇರೆ ವಕೀಲರೆಲ್ಲ ಕೇಳುತ್ತಿದ್ದಾರಂತೆ. ಏನು ಮಾಡಬೇಕೋ ತಿಳಿಯದೆ ಆಯ್ತು ಅಂದೆ. ಈ ಸಲ ಹಿತ್ತಲಿನಲ್ಲಿ ಸ್ವಲ್ಪ ಹೆಚ್ಚಿಗೆ ಸಸಿ ನೆಡಬೇಕಾಗುತ್ತದೆ.

ಕಿವಿಗೆ ಮೆಷಿನ್ ಹಾಕಿಸಿಕೊಂಡೆ. ಮನೆಯ ಗಡಿಯಾರ ಇಷ್ಟು ಜೋರಾಗಿ ಸದ್ದು ಮಾಡುತ್ತದೆ ಎಂದು ನೀನು ಯಾಕೆ ಹೇಳಿರಲಿಲ್ಲ?

ಹತ್ತನೆಯ ತಾರೀಕು ಮಧ್ಯಾಹ್ನವೇ ಹೋಗಿ ಸ್ಟೇಷನ್ನಿನಲ್ಲಿ ಕೂತಿರುತ್ತೇನೆ. ನೀನು ಜೋಡಿಸಿಟ್ಟ ಬೈಗುಳದ ವಿಚಾರ ಯೋಚನೆ ಮಾಡಿದೆ. ಕೆಂಪು ದಾರ ಭದ್ರವಾಗಿದೆ ಎಂದು ಬರೆದಿದ್ದೆನಲ್ಲ, ಅದು ನಿಜ. ಮೂರನ್ನೂ ನನ್ನ ಮುಂಗೈಗೆ ಕಟ್ಟಿಕೊಂಡು ಬರುತ್ತೇನೆ. ದಾರ ಕಟ್ಟಿದ್ದನ್ನು ಯಾರೂ ಮುಟ್ಟಬಾರದು, ಪೂರ್ತಿ ಹಣ್ಣಾಗಿ ಮೆತ್ತಗಾಗುವವರೆಗೆ ಹಾಗೇ ಬಿಡಬೇಕು ಎಂದು ನೀನೇ ಬರೆದಿದ್ದೀಯ.